ಮೂರನೆಯ ಜೆಟ್

ನನ್ನ ಕಣ್ಣಾಣೆ, ಇದರಲ್ಲಿ ಸಾಸಿವೆಕಾಳಿನಷ್ಟೂ ಸುಳ್ಳಿಲ್ಲ. ತಂತಿಪಾಳ್ಯದಲ್ಲಿ ಆಕಾಶದ ನಕ್ಷತ್ರರಾಶಿಗಳನ್ನು ಹಂಚಿಕೊಂಡು ಮನೆಗೊಂದು ಗ್ಯಾಲಕ್ಸಿ. ಅದು ಎರಡೂ ಕಡೆಗೆ ಕಾರಂಜಿಯಂತೆ ಜೆಟ್ ಚಿಮ್ಮಿಸುವಾಗ ಬರುವ ಗೊರಗೊರ ಸದ್ದನ್ನು ಅಂಗಳದ ಆಂಟೆನಾ ತಂತಿಯಲ್ಲಿ ಹಿಡಿದು ಕೇಳುವುದೇ ಅಲ್ಲಿಯವರ ಕಸುಬು. ಮೋಟಾರು ತಿರುಗಿದರೆ ಸದ್ದು ಕೆಡುತ್ತದೆಂದು ಊರಿಗೇ ಮಿಕ್ಸಿ ನಿಷಿದ್ಧ.

ಯಾವ ಗ್ಯಾಲಕ್ಸಿಗೂ ಎರಡೇ ಜೆಟ್. ಆ ಊರಿನ ಸೊಣ್ಣಮ್ಮನಿಗೆ ಮಾತ್ರ ತನ್ನ ಗ್ಯಾಲಕ್ಸಿಯಲ್ಲಿ ಮೂರನೆಯದು ಕೇಳಿಸಿತು. ಊರೇ ಕುಣಿಯಿತು. ತನ್ನಂತೆಯೇ ಒರಳು ತಿರುಗಿಸಿ ರಟ್ಟೆ ಬಿದ್ದುಹೋದವಳೆಂದು, ಪಕ್ಕದ ಮನೆಯ ಓರಗಿತ್ತಿಯ ಹೆಸರನ್ನೇ ಸೊಣ್ಣಮ್ಮ ಅದಕ್ಕಿಟ್ಟಳು. ಊರ ಹಲಗೆಯ ಮೇಲೆ ‘ನಾಗವೇಣಿ ಜೆಟ್’ ಎಂದು ಬರೆದಳು.

ಆ ಖುಷಿಗೆ ನಾಗವೇಣಿ ತಿಂಡಿಗೆ ಕರೆದಳು. ಇಡ್ಲಿಯ ಜೊತೆ ಚಟ್ನಿ ನೆಕ್ಕಿದ ಸೊಣ್ಣಮ್ಮ ಮತ್ತೊಮ್ಮೆ ನೆಕ್ಕಿ ನೋಡಿದಳು. ಬೆಣ್ಣೆಯಂಥ ಚಟ್ನಿ, ಹಲ್ಲಿಗೆ ಒಂದು ಚೂರು ಕಾಯಿ ಸಿಗಲಿಲ್ಲ.

"ಇದು ಒರಳಲ್ಲಿ ರುಬ್ಬಿದ್ದಲ್ಲ ಕಣೇ. ಮಿಕ್ಸಿ ಇಟ್ಕೊಂಡಿದೀಯ! ನನ್ನ ಜೆಟ್ಟು ದಿನಾ ತಿಂಡಿ ಹೊತ್ತಿಗೇ ಯಾಕೆ ಚಿಮ್ತಿತ್ತು ಅಂತ ಈಗ ಗೊತ್ತಾಯ್ತು."

"ಮೆತ್ತಗೆ ಅಕ್ಕಾ! ರಟ್ಟೆ ನೋವು, ಅದಕ್ಕೇ..."

"ನಂದೇನು ಕಬ್ಬಿಣದ ರಟ್ಟೆನಾ? ರಟ್ಟೆ ನೋವು ಅಂತ ನೀನು ಅತ್ತಿದ್ದಕ್ಕೆ ನಿನ್ನ ಮನೆ ಇಡ್ಲಿ ಹಿಟ್ಟನ್ನೂ ನಾನೇ ರುಬ್ಬಿಕೊಟ್ಟೆನಲ್ಲೇ!"

"ಊರಿಗೆ ಹೇಳಬೇಡ ಅಕ್ಕಾ. ಆಕಾಶದಲ್ಲಿ ನನ್ನ ಹೆಸರು ಇದ್ರೆ ನಿಂಗೇನು ನಷ್ಟ?"

ಸೊಣ್ಣಮ್ಮ ಎಂಜಲು ಕೈಯಲ್ಲೇ ಹಲಗೆಯ ಹತ್ತಿರ ಹೋದಳು. ಜೀವಮಾನಕ್ಕೆ ಸಿಕ್ಕಿದ್ದ ಒಂದೇ ಜೆಟ್ಟನ್ನು ತಾನೇ ಒರೆಸಿದಳು. ಆ ಜಾಗದಲ್ಲಿ ‘ಮಿಕ್ಸಿ’ ಎಂದು ಬರೆದಳು. ನಾಗವೇಣಿಯ ಹೆಸರನ್ನು ಮಾತ್ರ ಮುಟ್ಟಲಿಲ್ಲ.

ನಂಬಿಕೆ ಬರಲಿಲ್ಲವೇ? ನಾಳೆ ನಿಮ್ಮ ಮನೆಯ ಚಟ್ನಿ ತನ್ನಿ, ರುಚಿ ನೋಡಿ ನಿಮ್ಮ ಗುಟ್ಟನ್ನೂ ಹೇಳುತ್ತೇನೆ. ಇಡ್ಲಿ ಮರೆಯಬೇಡಿ.