ಯಜಮಾನರಿಗೊಂದು ಊರುಗೋಲು

“ಸತ್ತವನು ಹಡಗಿಗೆ ಯಜಮಾನ ಆಗೋಕಾಗುತ್ತಾ ಸ್ವಾಮಿ?”

ಪಾಸ್ಕೋ ಮೇಜು ಗುದ್ದಿದ. ಮಸಿಕುಡಿಕೆ ನೆಗೆಯಿತು. ವಿಚಾರಣಾಧಿಕಾರಿ ಥ್ಯಾಕ್ಸ್ಟರ್ ಅದನ್ನು ಹಿಡಿದುಕೊಂಡು, ಗುಮಾಸ್ತನ ತೋಳಿಗೆ ಮಸಿ ತಾಗಿತೇ ಎಂದು ಮೊದಲು ನೋಡಿದರು.

ಇಂಗ್ಲೆಂಡಿಗೂ ಡಚ್ಚರಿಗೂ ಯುದ್ಧ ನಡೆಯುತ್ತಿತ್ತು. ಶತ್ರುವಿನ ವ್ಯಾಪಾರಿ ಹಡಗುಗಳನ್ನು ಹಿಡಿಯಲು ರಾಜನ ಪರವಾನಗಿ ಪಡೆದವರಲ್ಲಿ ಪಾಸ್ಕೋ ಒಬ್ಬ. ಅವನು ಡೋವರ್ ಬಂದರಿಗೆ ಎಳೆದು ತಂದದ್ದು ‘ಬಿಳಿ ಪಾರಿವಾಳ’ವನ್ನು. ಹೊಟ್ಟೆ ತುಂಬ ಉಪ್ಪು, ಹನ್ನೊಂದು ಆಳು, ಕ್ಯಾಪ್ಟನ್ ಉಬ್ಬೆ ಫೋಲ್ಕರ್ಟ್ಸ್. ಕಾಗದದಲ್ಲಿ ಹಡಗಿನ ಒಡೆಯರ ಹೆಸರು ಫೋಲ್ಕರ್ಟ್ ಉಬ್ಬೆನ್, ಊರು ಎಂಡೆನ್. ಎಂಡೆನ್ ಈ ಯುದ್ಧದಲ್ಲಿ ಯಾರ ಕಡೆಗೂ ಇರಲಿಲ್ಲ.

“ಫೋಲ್ಕರ್ಟ್ ಉಬ್ಬೆನ್ ಅಂದ್ರೆ ಈ ಕ್ಯಾಪ್ಟನ್ನನ ಅಪ್ಪ. ಹೋದ ಚಳಿಗಾಲದಲ್ಲೇ ಮಣ್ಣು ಮಾಡಿದಾರೆ. ಈಗ ಹಡಗು ಮಗನದು. ಮಗನ ಮನೆ ಇರೋದು ಆಮ್‌ಸ್ಟರ್‌ಡ್ಯಾಮಲ್ಲಿ. ಡಚ್ಚರ ಊರು! ಅಂದ್ಮೇಲೆ ಹಡಗು ನನ್ನದು.”

“ಸಾಕ್ಷಿಗಳನ್ನ ಕೇಳೋಣ,” ಎಂದರು ಥ್ಯಾಕ್ಸ್ಟರ್. ಪ್ರಶ್ನೆಗಳ ಪಟ್ಟಿ ಲಂಡನ್ನಿನಿಂದ ಅಚ್ಚಾಗಿ ಬಂದಿತ್ತು. ಇದ್ದಷ್ಟು ಕೇಳಬೇಕು, ಸೇರಿಸುವಂತಿಲ್ಲ. ಹಡಗು ಕೈಬಿಟ್ಟರೆ ಉಬ್ಬೆಯ ಮನೆಯವರೂ ಹನ್ನೊಂದು ಆಳುಗಳೂ ಬೀದಿಗೆ ಬೀಳುತ್ತಾರೆಂಬುದು ಪಟ್ಟಿಯಲ್ಲಿರಲಿಲ್ಲ. ಆದರೂ ಅವರಿಗೆ ಗೊತ್ತಿತ್ತು.

ಮೊದಲು ಬಂದವನು ಅಡುಗೆಯ ಹಾಯೊ. ಬೈಬಲ್ ಮುಟ್ಟುವ ಮುನ್ನ ಕೈಯನ್ನು ಷರಾಯಿಗೆ ಎರಡು ಸಲ ಒರೆಸಿಕೊಂಡ. ಸುಳ್ಳು ಆಣೆ ಹಾಕಿದವನ ಹಡಗು ಮುಳುಗುತ್ತದೆಂದು ಅವನ ಊರಿನಲ್ಲಿ ಎಲ್ಲರೂ ನಂಬಿದ್ದರು.

“ಹಡಗಿನ ಒಡೆಯರು ಯಾರು?”

“ಫೋಲ್ಕರ್ಟ್ ಉಬ್ಬೆನ್, ದಣಿ.”

“ಹುಟ್ಟಿದ್ದೆಲ್ಲಿ, ಇರೋದೆಲ್ಲಿ?”

“ಎಂಡೆನ್. ಹುಟ್ಟಿದ ಮನೇಲೇ ಇದಾರೆ.”

“ಆಮ್‌ಸ್ಟರ್‌ಡ್ಯಾಮಿಗೆ ಯಾವತ್ತಾದರೂ ಕಾಲಿಟ್ಟಿದಾರಾ?”

“ಅವರು ಎಲ್ಲಿಗೂ ಕಾಲಿಡೋ ಹಾಗಿಲ್ಲ, ದಣಿ. ನಡೆಯೋಕಾಗಲ್ಲ. ಹಿಡ್ಕೊಂಡು ಕೂರಿಸ್ಬೇಕು.”

ಥ್ಯಾಕ್ಸ್ಟರ್ ತಮ್ಮ ಊದಿದ ಪಾದವನ್ನು ಮೆತ್ತೆಯ ಮೇಲೆ ಸರಿಪಡಿಸಿಕೊಂಡರು. “ನೋಡಿಕೊಳ್ಳೋರು ಯಾರು?”

ಇದು ಪಟ್ಟಿಯಲ್ಲಿರಲಿಲ್ಲ. ಗುಮಾಸ್ತ ಕೆಮ್ಮಿದ.

“ನಮ್ಮ ಕ್ಯಾಪ್ಟನ್ ಹೆಂಡ್ತಿ ಟ್ಯಾಲ್ಕಮ್ಮ. ಬ್ರೆಡ್ಡನ್ನ ಹಾಲಲ್ಲಿ ನೆನೆಸಿ ತಿನ್ನಿಸ್ತಾರೆ. ಬೇರೆಯೋರು ಕೊಟ್ಟರೆ ಉಗುಳಿಬಿಡ್ತಾರೆ. ಇರೋದೇ ಎರಡು ಹಲ್ಲು.”

“ಇಂಥ ಸೊಸೆ ಎಷ್ಟು ಜನಕ್ಕೆ ಸಿಗ್ತಾಳಪ್ಪ!”

ಹಾಯೊ ಸೂರು ನೋಡಿದ.

“ಸುಳ್ಳು!” ಪಾಸ್ಕೋ ಎದ್ದು ನಿಂತ. “ಕುಡಿದು ಬಂದಿದಾನೆ! ಇವನ ಯಜಮಾನನೂ ಕುಡುಕನೇ ಇರ್ಬೇಕು!”

“ಯಜಮಾನ್ರು ಹುಟ್ಟಿದಾಗಿಂದ ಒಂದು ಹನಿ ಮುಟ್ಟಿಲ್ಲ,” ಎಂದ ಹಾಯೊ ನೊಂದುಕೊಂಡು.

ಥ್ಯಾಕ್ಸ್ಟರ್ ಪಾಸ್ಕೋನ ಕೆಂಪು ಮೂಗನ್ನು ಸುಮ್ಮನೆ ನೋಡಿದರು. ಅವನು ಕುಳಿತ.

ಎರಡನೆಯವನು ನಾವಿಕರ ಮೇಸ್ತ್ರಿ ವಿಯರ್ಡ್. ಎದೆಯುದ್ದ ಗಡ್ಡ, ಬಾಗಿದ ಬೆನ್ನು. ಥ್ಯಾಕ್ಸ್ಟರ್ ಅವನಿಗೊಂದು ಕುರ್ಚಿ ಹಾಕಿಸಿದರು.

“ಫೋಲ್ಕರ್ಟ್ ಉಬ್ಬೆನ್ ಬದುಕಿದಾರಾ?”

“ಹೊರಡೋ ದಿನ ಕಣ್ಣಾರೆ ನೋಡಿದೀನಿ ದಣಿ. ಬಂದರಿಗೆ ಎತ್ಕೊಂಡು ಬಂದಿದ್ರು. ಹಡಗು ಸರೀತಿದ್ದ ಹಾಗೇ ಗಳಗಳ ಅತ್ತುಬಿಟ್ರು.”

ಗುಮಾಸ್ತನ ಲೇಖನಿ ನಿಂತಿತು. ಥ್ಯಾಕ್ಸ್ಟರ್ ಮೂಗೊರೆಸಿಕೊಂಡರು. “ಎಷ್ಟು ಕಾಲದಿಂದ ಪರಿಚಯ?”

“ಹಡಗು ಅವರ ಹೆಸರಿಗೆ ಬರೋಕ್ಕಿಂತ ಮೊದಲಿಂದಾನೂ.”

“ನೋಡೋಕೆ ಹೇಗಿದಾರೆ?”

“ತಲೇಲಿ ನಾಲ್ಕು ಬಿಳೀ ಕೂದಲು. ಮುಖ ದುಂಡಗೆ. ಮುಂಗೋಪ ಜಾಸ್ತಿ, ದಣಿ. ಆವತ್ತು ನನ್ನ ಗಡ್ಡ ಹಿಡಿದು ಜಗ್ಗಿದ್ರು.”

“ಯಾಕೆ?”

“ಕಾರಣ ಹೇಳಲಿಲ್ಲ.”

“ಕಾಗದಕ್ಕೆ ರುಜು ಹಾಕಿಲ್ಲ, ಬೆರಳಿನ ಗುರುತು ಮಾತ್ರ ಇದೆಯಲ್ಲ?”

“ಲೇಖನಿ ಕೈಲಿ ನಿಲ್ಲಲ್ಲ. ನಾನೇ ಬೆರಳು ಹಿಡಿದು ಒತ್ತಿಸಿದೆ. ಆಮೇಲೆ ನನ್ನ ತೊಡೆ ಮೇಲೇ ಕೂತಿದ್ರು, ಹಾಗೇ... ಷರಾಯಿ ಎಲ್ಲಾ ಒದ್ದೆ.”

ಪಾಸ್ಕೋ ಗಹಗಹಿಸಿ ನಕ್ಕ. ಥ್ಯಾಕ್ಸ್ಟರ್ ಗುಮಾಸ್ತನ ಕೈ ಮೇಲೆ ಕೈಯಿಟ್ಟರು.

“ಅದನ್ನ ಬರೀಬೇಡಪ್ಪ. ವಯಸ್ಸಿಗೆ ಒಂದು ಮರ್ಯಾದೆ ಇರಲಿ.”

ಉಳಿದ ಒಂಬತ್ತು ಜನರೂ ಅದನ್ನೇ ಹೇಳಿದರು. ಕಲಿಸಿಕೊಟ್ಟ ಪಾಠವೆಂದು ಪಾಸ್ಕೋ ಕೂಗಾಡಿದ. ಪಾಠ ಕಲಿತು ಬಂದವರು ಒಡೆಯನನ್ನು ಇಷ್ಟು ಕೆಟ್ಟದಾಗಿ ವರ್ಣಿಸುವುದಿಲ್ಲ ಎಂದು ಥ್ಯಾಕ್ಸ್ಟರ್ ಷರಾ ಬರೆದರು. ಲಂಡನ್ನಿನ ನ್ಯಾಯಾಲಯ ಅದನ್ನು ಓದಿ, ಮೂರು ವಾರದಲ್ಲಿ ಹಡಗನ್ನು ಬಿಟ್ಟುಕೊಟ್ಟಿತು.

ಹೊರಡುವ ಬೆಳಿಗ್ಗೆ ಥ್ಯಾಕ್ಸ್ಟರ್ ಕುಂಟುತ್ತ ಬಂದರಿಗೆ ಬಂದರು. ತಮ್ಮ ಬೆಳ್ಳಿಹಿಡಿಯ ಊರುಗೋಲನ್ನು ಉಬ್ಬೆಯ ಕೈಗಿಟ್ಟರು.

“ನಿಮ್ಮ ಯಜಮಾನರಿಗೆ ಕೊಡಿ. ನನ್ನ ಹತ್ತಿರ ಇನ್ನೊಂದಿದೆ. ನಿಧಾನಕ್ಕೆ ಅಭ್ಯಾಸ ಮಾಡಿದರೆ ನಡೆದಾರು.”

“ನಡೀತಾರೆ ಸ್ವಾಮಿ,” ಎಂದ ಉಬ್ಬೆ. “ಖಂಡಿತ ನಡೀತಾರೆ.”

ಎಂಡೆನ್‌ನಲ್ಲಿ, ಟ್ಯಾಲ್ಕೆಯ ತವರುಮನೆಯಲ್ಲಿ, ಕಥೆ ಕೇಳಿ ಅವಳು ನಗುತ್ತ ಕಣ್ಣೊರೆಸಿಕೊಂಡಳು. “ನಿಮ್ಮಪ್ಪ ಇದ್ದಿದ್ರೆ ಎಷ್ಟು ನಗ್ತಿದ್ರೋ! ಹೆಸರನ್ನೂ ಕೊಟ್ಟು, ಸಾಯೋ ಮುಂಚೆ ಹಡಗನ್ನೂ ಅದೇ ಹೆಸರಿಗೆ ಬರೆದುಕೊಟ್ರು.”

ಉಬ್ಬೆಯ ಮಗ ಫೋಲ್ಕರ್ಟ್, ಅಂದರೆ ಫೋಲ್ಕರ್ಟ್ ಉಬ್ಬೆನ್, ‘ಬಿಳಿ ಪಾರಿವಾಳ’ದ ಯಜಮಾನರು, ತೊಟ್ಟಿಲಲ್ಲಿ ಎದ್ದು ಕುಳಿತು, ಊರುಗೋಲಿನ ಬೆಳ್ಳಿಹಿಡಿಯನ್ನು ಎರಡೂ ಹಲ್ಲುಗಳಿಂದ ಕಚ್ಚಿದರು.