ಕಾಣಲಿ, ಕಾಣದಿರಲಿ

ಅರಸೀಕೆರೆಯ ಸ್ಕ್ಯಾನ್ ಕೋಣೆಯಲ್ಲಿ ಕಮಲಾಕ್ಷಮ್ಮ ತೆಗೆದ ಮೊದಲ ತಕರಾರೇ ಕೊರಳಿನ ಕರಡಿಗೆಯದು. ಅದನ್ನು ಬಿಚ್ಚಿ ಮೇಜಿನ ಮೇಲಿಡಿ ಎಂದರು ಡಾಕ್ಟರ್ ಮೇಧಿನಿ. ಒಳಗಿರುವುದು ಇಷ್ಟಲಿಂಗ, ಪ್ರಾಣ ಹೋದರೂ ಮೈಬಿಟ್ಟು ಅಗಲಬಾರದು ಎಂದು ಗಂಡಸಿ ಊರಿನ ಈ ಹೆಂಗಸು ಪಟ್ಟು ಹಿಡಿದಳು. ಕೊನೆಗೆ, ಪೂಜೆಗೆ ಕೂತಾಗಿನಂತೆ ಎಡ ಅಂಗೈಯಲ್ಲಿ ಹಿಡಿದುಕೊಳ್ಳುವುದೆಂದು ರಾಜಿಯಾಯಿತು.

ಆಕೆಗೂ ಅದೇ ಬೇಕಿತ್ತು, ಬೇಡಿಕೊಳ್ಳಲು ದೇವರು ಕೈಯಲ್ಲೇ ಇದ್ದಂತಾಯಿತು. ಹೋದ ವಾರ ಸ್ತನದ ಎಕ್ಸ್‌ರೇಯಲ್ಲಿ ರವೆ ಕಾಳಿನಂಥ ಬಿಳಿ ಚುಕ್ಕೆಗಳು ಕಂಡಿದ್ದವು. ಸುಣ್ಣದಂಶದ ಕಣಗಳು, ಬಹಳ ಸಲ ಏನೂ ಆಗಿರುವುದಿಲ್ಲ, ಕೆಲವು ಸಲ ಕ್ಯಾನ್ಸರಿನ ಸುಳಿವು ಎಂದಿದ್ದರು. ಆವತ್ತಿನಿಂದ ಆ ತಾಯಿಗೆ ನಿದ್ದೆಯಿಲ್ಲ. ಡಾಕ್ಟರು ಬಲ ಎದೆಗೆ ತಣ್ಣನೆಯ ಲೋಳೆ ಹಚ್ಚಿ ಉಪಕರಣ ಆಡಿಸತೊಡಗಿದಾಗ ಕಣ್ಣು ಮುಚ್ಚಿ, ಏನೂ ಕಾಣದಿರಲಪ್ಪಾ ಶಿವನೇ ಎಂದು ಒಂದೇ ಸಮನೆ ಬೇಡಿಕೊಂಡಳು.

ಬಹಳ ಹೊತ್ತು ಪರದೆ ನೋಡಿದ ಡಾಕ್ಟರು, ಇದರಲ್ಲಿ ಏನೂ ಕಾಣುತ್ತಿಲ್ಲವಲ್ಲ ಎಂದು ಗೊಣಗಿದರು. ಕಮಲಾಕ್ಷಮ್ಮನ ಮುಖ ಅರಳಿತು.

"ಹಂಗಾದ್ರೆ ಹೋಗ್ಬಿಟ್ಟವೆ ಅನ್ನಿ."

"ಎಲ್ಲಿಗೆ ಹೋಗ್ತವಮ್ಮ? ಇವೆ. ಈ ಯಂತ್ರದ ಕಣ್ಣಿಗೆ ಬೀಳ್ತಿಲ್ಲ ಅಷ್ಟೆ. ಇಲ್ಲಿ ಕಂಡರೆ ಇದನ್ನೇ ನೋಡ್ಕೊಂಡು ಸೂಜಿ ಹಾಕಿ, ಚೂರು ತೆಗೆದು ಪರೀಕ್ಷೆಗೆ ಕಳಿಸಬಹುದು. ಕಾಣದಿದ್ರೆ ಬೆಂಗಳೂರಿಗೇ ಹೋಗಬೇಕು, ದಿನ ಹಿಡಿಯುತ್ತೆ."

ಇದೊಳ್ಳೆ ಪೀಕಲಾಟ. ಕಾಣದಿರಲಿ ಎಂದು ಕೇಳಿದ್ದಾಗಿದೆ, ದೇವರು ನಡೆಸಿಕೊಟ್ಟೂ ಬಿಟ್ಟಿದ್ದಾನೆ. ಈಗ ಕಾಣಲಿ ಎಂದು ಯಾವ ಮುಖ ಇಟ್ಟುಕೊಂಡು ಕೇಳುವುದು? ಕೇಳದಿದ್ದರೆ ಬೆಂಗಳೂರು, ಮತ್ತೆ ಕಾಯುವುದು, ಮತ್ತೆ ನಿದ್ದೆಯಿಲ್ಲ. ಕೇಳಿದಳು, ಪಾಪ. ಆಗಿನದು ತಿಳಿಯದೆ ಆಡಿದ ಮಾತು, ಹೊಟ್ಟೆಗೆ ಹಾಕಿಕೋ ಎಂದು. ಡಾಕ್ಟರು ಎಕ್ಸ್‌ರೇ ಇನ್ನೊಮ್ಮೆ ನೋಡಿ, ಉಪಕರಣವನ್ನು ಓರೆ ಮಾಡಿ ಒತ್ತಿದರು. ಪರದೆಯ ಕಪ್ಪಿನಲ್ಲಿ ಬಿಳಿ ಕಾಳುಗಳು ಮಿನುಗಿದವು. ಸಿಕ್ಕಿದವು ಎಂದು ನಕ್ಕರು.

ಹೊರಗೆ ಬೆಂಚಿನ ಮೇಲಿದ್ದ ಗಂಡ ಕರಿಬಸವಯ್ಯ ದಡಕ್ಕನೆ ಎದ್ದ. "ಏನೂ ಕಾಣಲಿಲ್ಲ ತಾನೇ?"

"ಕಾಣ್ತು ಕಣ್ರೀ. ನಮ್ಮ ಪುಣ್ಯ."

ಆತ ಮಿಕಮಿಕ ನೋಡಿದ. ನಾಳೆ ಸೂಜಿ ಹಾಕುತ್ತಾರಂತೆ, ಕೆಟ್ಟದ್ದೋ ಅಲ್ಲವೋ ಆಮೇಲೆ ತಿಳಿಯುತ್ತದಂತೆ ಎಂದು ಆಕೆ ಬಿಡಿಸಿ ಹೇಳಿದಳು. ಮೆಲ್ಲಗೆ ಆತನ ತೋಳು ಹಿಡಿದುಕೊಂಡಳು.

"ನಾನು ಆಗ್ಲೇ ಶಿವನ ಹತ್ರ ಒಂದ್ಸಲ ಮಾತು ತಿರುಗಿಸಿದೀನಿ. ನನ್ ಮಾತಿಗೆ ಇನ್ನು ಬೆಲೆ ಇರಾಕಿಲ್ಲ. ಈ ಸಲ ನೀವು ಕೇಳ್ಕಳಿ."