ಅಡುಗೆಮನೆಗೊಂದು ವೈಫೈ

ಅಪಘಾತದಲ್ಲಿ ತೀರಿಕೊಂಡ ಮೇಲೆ ಶಿವಸ್ವಾಮಿ, ಸತ್ತ ದೊಡ್ಡವರೆಲ್ಲರಂತೆ, ಮನೆಯ ಇಂಟರ್ನೆಟ್ ವೈರಿನಲ್ಲಿದ್ದ. ಮಕ್ಕಳನ್ನು ವೈರು ಹಿಡಿಯುತ್ತಿರಲಿಲ್ಲ. ವೈರು ಹಾಲ್‌ವರೆಗೆ ಮಾತ್ರ ಇದ್ದುದರಿಂದ ಅವನೂ ಹಾಲ್‌ನಲ್ಲೇ.

"ನೀನು ಅಡುಗೆ ಮಾಡುವಾಗ ಪಕ್ಕದಲ್ಲಿರ್ತೀನಿ ಕಣೇ, ವೈಫೈ ಹಾಕಿಸು" ಎಂದು ದಿನಾ ಹೆಂಡತಿಯನ್ನು ಗೋಗರೆಯುತ್ತಿದ್ದ. ಆಮೇಲೆ ಕೇಳುತ್ತಿದ್ದ, "ಪುಟ್ಟಿ ಎಲ್ಲಿ?"

"ಮಹಡೀಲಿ ಓದ್ಕೋತಿದಾಳೆ ರೀ."

ಕೊನೆಗೆ ವಿಶಾಲಾಕ್ಷಿ ರೂಟರ್ ತಂದು ಹಾಲ್‌ನ ವೈರಿಗೆ ಸಿಕ್ಕಿಸಿ, ಅದರ ಕಡ್ಡಿಗಳೆರಡನ್ನೂ ಅಡುಗೆಮನೆಯತ್ತ ತಿರುಗಿಸಿದಳು. ತಿರುಗಿಸಿದ ಕಡೆಗಷ್ಟೇ ಹೋಗುತ್ತಾನೆ ಎಂದುಕೊಂಡಿದ್ದಳು.

ಹಸಿರು ದೀಪ ಹತ್ತಿತು. ಒಲೆಯ ಪಕ್ಕ ಅವನ ನಗು ಕೇಳಿಸಿತು. ವರ್ಷದ ನಂತರ ಮೊದಲ ಸಲ ಅವಳೂ ನಕ್ಕಳು. ಅವನ ನಗು ಬಚ್ಚಲು ದಾಟಿ, ಮೆಟ್ಟಿಲು ಹತ್ತಿ, ಮಹಡಿಯ ಮುಚ್ಚಿದ ಕೋಣೆ ಹೊಕ್ಕು ನಿಂತುಹೋಯಿತು.

"ವಿಶಾಲೂ, ಪುಟ್ಟಿ ಫೋಟೋಗೆ ಯಾಕೆ ಹಾರ ಹಾಕಿದೀಯ?"